ಬಳುಕುವ ಕಾಲಿನ ಪುಟ್ಟ ಟ್ರೈಪಾಡ್: ಮೊದಲು ಆಸರೆ ಹುಡುಕಿ, ಆಮೇಲೆ ಫೋಟೋ

ಕಾಂಪ್ಯಾಕ್ಟ್ ಕ್ಯಾಮೆರಾ ಹಿಡಿದು ಫೋಟೋಗ್ರಫಿ ಕಲಿಯಲು ಬರುವವರ ಬ್ಯಾಗಿನಲ್ಲಿ ಬಳುಕುವ ಕಾಲಿನ ಒಂದು ಪುಟ್ಟ ಟ್ರೈಪಾಡ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಅದನ್ನು ಬಳಸುವ ರೀತಿ ನೋಡಿದರೆ ಬೇಜಾರಾಗುತ್ತದೆ. ಮೂರೂ ಕಾಲನ್ನು ನೆಟ್ಟಗೆ ಮಾಡಿ ಮೇಜಿನ ಮೇಲೆ ನಿಲ್ಲಿಸುತ್ತಾರೆ. ಬೆರಳು ತಾಗಿದರೆ ಸಾಕು, ಮೇಲಿನ ಕ್ಯಾಮೆರಾ ಅಲ್ಲಾಡುತ್ತದೆ. ನಾಲ್ಕು ಫೋಟೋ ಮಸುಕಾಗಿ ಬಂದ ಮೇಲೆ ಆಟದ ಸಾಮಾನು ಅಂತ ಅದನ್ನು ಮೂಲೆಗೆ ಹಾಕುತ್ತಾರೆ.

ನನಗೆ ಇದು ತುಂಬಾ ಇಷ್ಟದ ಉಪಕರಣ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ದೊಡ್ಡ ಟ್ರೈಪಾಡಿಗೆ ಬಲ ಇರುವುದು ಅದರ ಸ್ವಂತ ಕಾಲಿನಲ್ಲಿ. ಈ ಪುಟ್ಟದಕ್ಕೆ ಬಲ ಬರುವುದು ಅದು ಹಿಡಿದುಕೊಂಡ ಕಂಬಿ, ಕೊಂಬೆ, ಕಲ್ಲಿನಿಂದ. ಹಾಗಲ ಬಳ್ಳಿಗೆ ಚಪ್ಪರ ಹೇಗೋ ಇದಕ್ಕೆ ಆಸರೆ ಹಾಗೆ. ಆದ್ದರಿಂದ ಒಂದು ಜಾಗಕ್ಕೆ ಹೋದಾಗ ಮೊದಲು ಕಣ್ಣಾಡಿಸಬೇಕಾದ್ದು ಎಲ್ಲಿ ಕಟ್ಟಬಹುದು ಅಂತ. ಫ್ರೇಮಿನ ಯೋಚನೆ ಆಮೇಲೆ.

ಈ ಮಾದರಿಯನ್ನು ಹೆಸರುವಾಸಿ ಮಾಡಿದ್ದು ಅಮೆರಿಕದ ಜೋಬಿ ಕಂಪನಿ. 2006ರಲ್ಲಿ ಗೊರಿಲ್ಲಾಪಾಡ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಕಂಪನಿ ಕಟ್ಟಿದ ಜೋಬೆನ್ ಬೆವರ್ಟ್ ಆಮೇಲೆ ವಿದ್ಯುತ್ ಏರ್ ಟ್ಯಾಕ್ಸಿ ಮಾಡಲು ಹೊರಟ ಎಂಜಿನಿಯರ್. ಗೊರಿಲ್ಲಾಪಾಡಿನ ಕಾಲು ಒಂದೇ ಕಡ್ಡಿ ಅಲ್ಲ. ಗುಂಡು ಮತ್ತು ಬಟ್ಟಲಿನ ಕೀಲುಗಳ ಸಾಲು. ಪ್ರತಿ ಗುಂಡೂ ಮುಂದಿನ ಬಟ್ಟಲಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ನಾವು ಬಗ್ಗಿಸಿದ ಕಡೆ ಅದು ನಿಲ್ಲುವುದು ಬರೀ ಘರ್ಷಣೆಯಿಂದ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಅರ್ಧದಷ್ಟು ಸಲಹೆ ಇದರಿಂದಲೇ ಬರುತ್ತದೆ.

ಪೇಟೆಯಲ್ಲಿ ಇದೇ ರೀತಿ ಕಾಣುವ ಇನ್ನೊಂದು ಜಾತಿ ಇದೆ. ಫೋಮ್ ಸುತ್ತಿದ ಕಾಲು, ಒಳಗೆ ತಂತಿ. ಆಕ್ಟೋಪಸ್ ಅಂತ ಮಾರುತ್ತಾರೆ. ಬೆಲೆ ಕಡಿಮೆ. ಆದರೆ ತಂತಿಗೆ ಬಗ್ಗಿಸಿದ ಮೇಲೆ ಸ್ವಲ್ಪ ವಾಪಸ್ ಬರುವ ಗುಣ ಇದೆ. ಮತ್ತೆ ಮತ್ತೆ ಬಗ್ಗಿಸಿದರೆ ಒಳಗೇ ಮುರಿಯುತ್ತದೆ, ಹೊರಗೆ ಗೊತ್ತೂ ಆಗುವುದಿಲ್ಲ. ಹಗಲಲ್ಲಿ ಮೊಬೈಲ್ ಹಿಡಿಸಲು ಅದು ಪರವಾಗಿಲ್ಲ. ರಾತ್ರಿಯ ಫೋಟೋಗೆ ನಾನು ಹೇಳುವುದಿಲ್ಲ.

ಕಾಂಪ್ಯಾಕ್ಟ್ ಕ್ಯಾಮೆರಾಗೆ ಇದು ಯಾಕೆ ಇಷ್ಟು ಚೆನ್ನಾಗಿ ಹೊಂದುತ್ತದೆ? ತೂಕ ಕಡಿಮೆ ಅನ್ನುವುದು ಎಲ್ಲರಿಗೂ ಗೊತ್ತು. ಸೋನಿಯ ಮೊದಲ ಆರ್‌ಎಕ್ಸ್100 ಬ್ಯಾಟರಿ ಸೇರಿ 240 ಗ್ರಾಂ. ರಿಕೋ ಜಿಆರ್ 3 ಸುಮಾರು 257 ಗ್ರಾಂ. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3 ಸುಮಾರು 304 ಗ್ರಾಂ. ಇನ್ನೊಂದು ಕಾರಣವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಡಿಎಸ್‌ಎಲ್‌ಆರ್ ಎಂಬ ದೊಡ್ಡ ಕ್ಯಾಮೆರಾದ ಒಳಗೆ ಪ್ರತಿ ಫೋಟೋಗೂ ಒಂದು ಕನ್ನಡಿ ಪಟ್ ಅಂತ ಮೇಲೇಳುತ್ತದೆ. ಪುಟ್ಟ ಟ್ರೈಪಾಡ್ ಆ ಏಟಿಗೇ ನಡುಗುತ್ತದೆ. ಕಾಂಪ್ಯಾಕ್ಟಿನಲ್ಲಿ ಕನ್ನಡಿ ಇಲ್ಲ. ಬಹುತೇಕ ಮಾದರಿಗಳಲ್ಲಿ ಲೆನ್ಸಿನೊಳಗೇ ಲೀಫ್ ಶಟರ್ ಇರುತ್ತದೆ. ಅದರ ಎಸಳುಗಳು ಎಷ್ಟು ಹಗುರ ಎಂದರೆ, ತೆರೆದು ಮುಚ್ಚಿದರೂ ಕ್ಯಾಮೆರಾಗೆ ತಿಳಿಯುವುದಿಲ್ಲ. ಅಲುಗಾಟ ಹುಟ್ಟುವುದು ನಮ್ಮ ಬೆರಳಿಂದ ಮತ್ತು ಗಾಳಿಯಿಂದ ಮಾತ್ರ.

ಈಗ ಕೊಳ್ಳುವ ಮಾತು. ಗೊರಿಲ್ಲಾಪಾಡಿನ ಮಾದರಿಗಳ ಹೆಸರಿನಲ್ಲೇ ಅದು ಹೊರುವ ತೂಕ ಇದೆ. 325 ಅಂದರೆ 325 ಗ್ರಾಂ, 500 ಅಂದರೆ ಅರ್ಧ ಕೆಜಿ, 1ಕೆ ಅಂದರೆ ಒಂದು ಕೆಜಿ. ನಿಮ್ಮ ಕ್ಯಾಮೆರಾ 300 ಗ್ರಾಂ ಎಂದು 325 ತರಬೇಡಿ. ಕ್ಯಾಮೆರಾ ಸರಿಯಾಗಿ ನಡುವೆ ಕೂತಿದ್ದಾಗ ಆ ಲೆಕ್ಕ ಸರಿ. ಕಂಬಿಗೆ ಕಟ್ಟಿ ಕ್ಯಾಮೆರಾವನ್ನು ಪಕ್ಕಕ್ಕೆ ಚಾಚಿದಾಗ ಇಡೀ ಭಾರ ಒಂದೆರಡು ಕೀಲಿನ ಮೇಲೆ ತಿರುಚುಬಲವಾಗಿ ಬೀಳುತ್ತದೆ. ಜೂಮ್ ಮಾಡಿ ಲೆನ್ಸ್ ಹೊರಗೆ ಬಂದರೆ ಇನ್ನೂ ಜಾಸ್ತಿ. ಕ್ಯಾಮೆರಾದ ತೂಕದ ಎರಡರಷ್ಟಾದರೂ ತಡೆಯುವ ಮಾದರಿ ತೆಗೆದುಕೊಳ್ಳಿ. ಜೇಬಿಗೆ ಹಿಡಿಸದಿದ್ದರೂ ಬ್ಯಾಗಿಗೆ ಹಿಡಿಸುತ್ತದೆ, ಅಲ್ವಾ?

ಸ್ಕ್ರೂ ವಿಷಯದಲ್ಲಿ ಚಿಂತೆ ಬೇಡ. ಕಾಲು ಇಂಚು ಅಗಲ, ಇಂಚಿಗೆ 20 ಥ್ರೆಡ್, ಪ್ರಪಂಚದ ಎಲ್ಲ ಕಡೆ ಒಂದೇ. ಬಿಗಿ ಮಾಡುವಾಗ ಮಾತ್ರ ಕೈ ಹಗುರ ಇರಲಿ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಈ ತೂತು ಪ್ಲಾಸ್ಟಿಕ್ಕಿನದು. ಅದು ಸವೆದರೆ ರಿಪೇರಿ ಕಷ್ಟ.

ಕಟ್ಟುವ ಕ್ರಮಕ್ಕೆ ಬರೋಣ. ಹೆಬ್ಬೆರಳಿಗಿಂತ ದಪ್ಪ, ಮಣಿಕಟ್ಟಿಗಿಂತ ತೆಳು. ಇದು ಸರಿಯಾದ ಆಸರೆಯ ಅಳತೆ. ಅದಕ್ಕಿಂತ ದಪ್ಪವಾದರೆ ಕಾಲು ಸುತ್ತು ಬರುವುದಿಲ್ಲ, ತೆಳುವಾದರೆ ಆಸರೆಯೇ ಬಳುಕುತ್ತದೆ. ಎರಡು ಕಾಲನ್ನು ಒಂದು ದಿಕ್ಕಿಗೆ, ಮೂರನೆಯದನ್ನು ಎದುರು ದಿಕ್ಕಿಗೆ ಸುತ್ತಿ. ಮೂರನ್ನೂ ಒಂದೇ ದಿಕ್ಕಿಗೆ ಸುತ್ತಿದರೆ ಕ್ಯಾಮೆರಾದ ಭಾರಕ್ಕೆ ಎಲ್ಲವೂ ಒಟ್ಟಿಗೆ ಜಾರುತ್ತವೆ. ಕಾಲು ಸಾಕಾಗದಿದ್ದರೆ ಒಂದನ್ನು ಸುತ್ತದೆ ಹಾಗೇ ಬಿಟ್ಟು, ಕಂಬಕ್ಕೋ ಗೋಡೆಗೋ ಒದ್ದು ನಿಲ್ಲುವಂತೆ ಮಾಡಿ. ಆ ಊರುಗೋಲು ಕಾಲು ಎಷ್ಟೋ ಸಲ ಸುತ್ತಿದ ಎರಡಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ನೆಲದ ಮೇಲೆ ಇಡುವಾಗ ಕಾಲುಗಳನ್ನು ಅಗಲಿಸಿ, ತಗ್ಗಿಸಿ. ಒಂದು ಕಾಲು ಸರಿಯಾಗಿ ಲೆನ್ಸಿನ ಕೆಳಗೆ ಬರಲಿ.

ನಿಲುವು ಫೋಟೋ, ಅಂದರೆ ಪೋರ್ಟ್ರೇಟ್ ಅಳತೆ ಬೇಕಾದಾಗ ಕ್ಯಾಮೆರಾವನ್ನು ಯಾವ ಬದಿಗೆ ವಾಲಿಸುತ್ತೀರಿ ಅನ್ನುವುದು ಮುಖ್ಯ. ಶಟರ್ ಬಟನ್ ಇರುವ ಬದಿ ಕೆಳಗೆ ಬರಲಿ. ಆಗ ಲೆನ್ಸಿನ ಭಾರ ಕ್ಯಾಮೆರಾವನ್ನು ಸ್ಕ್ರೂ ಬಿಗಿಯಾಗುವ ದಿಕ್ಕಿಗೆ ತಿರುಗಿಸುತ್ತದೆ. ಇನ್ನೊಂದು ಬದಿಗೆ ವಾಲಿಸಿದರೆ ಅದೇ ಭಾರ ಸ್ಕ್ರೂ ಸಡಿಲ ಮಾಡುತ್ತದೆ, ಲೆನ್ಸು ನಿಧಾನವಾಗಿ ತಲೆ ತಗ್ಗಿಸುತ್ತದೆ. ಟ್ರೈಪಾಡ್ ಸರಿ ಇಲ್ಲ ಅಂತ ಜನ ದೂರುವ ಎಷ್ಟೋ ಕಡೆ ಆಗಿರುವುದು ಇಷ್ಟೇ.

ಇನ್ನು ಕಾಯುವ ಕೆಲಸ. ಕೀಲುಗಳು ಬಗ್ಗಿಸಿದ ಕೂಡಲೇ ಪೂರ್ತಿ ನಿಲ್ಲುವುದಿಲ್ಲ. ಕೈ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಕೂದಲೆಳೆಯಷ್ಟು ಇಳಿಯುತ್ತಾ ಇರುತ್ತವೆ. ಅದಕ್ಕೇ ನಾನು ಎರಡು ಸೆಕೆಂಡಿನ ಟೈಮರ್ ಬಳಸುವುದಿಲ್ಲ. ಹತ್ತು ಸೆಕೆಂಡಿನದು ಹಾಕುತ್ತೇನೆ. ಫೋನಿನ ಆ್ಯಪ್ ಇದ್ದರೆ ಅದರಿಂದ ಒತ್ತುವುದು ಇನ್ನೂ ಒಳ್ಳೆಯದು. ಕ್ಯಾಮೆರಾದ ಸ್ಟೆಬಿಲೈಸೇಶನ್, ಅಂದರೆ ಅಲುಗಾಟ ತಗ್ಗಿಸುವ ವ್ಯವಸ್ಥೆ, ಆಫ್ ಮಾಡಿ. ಅಲುಗಾಟ ಇಲ್ಲದ ಕಡೆ ಅದು ಅಲುಗಾಟ ಹುಡುಕುತ್ತಾ ಕೂರಬಹುದು. ನಿಮ್ಮ ಟ್ರೈಪಾಡ್ ಎಷ್ಟು ನಂಬಿಕಸ್ಥ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದು ಫೋಟೋ ತೆಗೆಯಿರಿ. ಮುಟ್ಟದೆ ಒಂದು ನಿಮಿಷ ಬಿಟ್ಟು ಇನ್ನೊಂದು ತೆಗೆಯಿರಿ. ಎರಡನ್ನೂ ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ಒಂದರ ಮೇಲೊಂದು ನೋಡಿ. ಚಿತ್ರ ಕೆಳಕ್ಕೆ ಜಾರಿದ್ದರೆ 30 ಸೆಕೆಂಡು ಶಟರ್ ತೆರೆದಿಡುವ ಎಕ್ಸ್‌ಪೋಶರಿನ ಆಸೆ ಬಿಡಿ. ಚಿಕ್ಕ ಚಿಕ್ಕ ಎಕ್ಸ್‌ಪೋಶರುಗಳನ್ನು ತೆಗೆದು ಆಮೇಲೆ ಸೇರಿಸಿಕೊಳ್ಳಿ.

ಮೈಸೂರು ಅರಮನೆಯ ದೀಪಾಲಂಕಾರ ಕಲಿಯುವವರಿಗೆ ಒಳ್ಳೆಯ ಜಾಗ. ಭಾನುವಾರ ಸಂಜೆ ಏಳಕ್ಕೆ ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಕೈಯಲ್ಲಿ ಹಿಡಿದು ತೆಗೆದರೆ ಕ್ಯಾಮೆರಾ ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸುತ್ತದೆ, ಕಪ್ಪು ಆಕಾಶದಲ್ಲಿ ಕಾಳುಕಾಳು. ಐಎಸ್ಒ 100ರಲ್ಲಿ, ಲೆನ್ಸಿನ ಕಿಂಡಿ ಎಫ್/4ರಲ್ಲಿ ಇಟ್ಟು, ಅರ್ಧ ಸೆಕೆಂಡಿನ ಆಸುಪಾಸಿನಿಂದ ಶುರು ಮಾಡಿ, ಅದಕ್ಕಿಂತ ಜಾಸ್ತಿ ಹೊತ್ತಿಗೊಂದು, ಕಡಿಮೆ ಹೊತ್ತಿಗೊಂದು ತೆಗೆಯಿರಿ. ಬಲ್ಬುಗಳು ಬಿಳಿಚಿಕೊಂಡರೆ ಬೆಳಕು ಕಡಿಮೆ ಮಾಡಿ, ಗೋಪುರದ ಬಣ್ಣ ವಾಪಸ್ ಬರುತ್ತದೆ. ಕಾಂಪ್ಯಾಕ್ಟಿನಲ್ಲಿ ಎಫ್/8ಕ್ಕೆ ಹೋಗುವ ಅಗತ್ಯ ಇಲ್ಲ. ಪುಟ್ಟ ಸೆನ್ಸರಿನಲ್ಲಿ ಅಷ್ಟು ಸಣ್ಣ ಕಿಂಡಿ ಚಿತ್ರದ ಚೂಪನ್ನೇ ತಿನ್ನುತ್ತದೆ. ತಿಂಗಳೂ ಮುಖ್ಯ. ಡಿಸೆಂಬರಿನಲ್ಲಿ ಮೈಸೂರಲ್ಲಿ ಸೂರ್ಯ ಆರರ ಸುಮಾರಿಗೇ ಮುಳುಗುತ್ತಾನೆ. ದೀಪ ಹತ್ತುವಾಗ ಆಕಾಶ ಪೂರ್ತಿ ಕಪ್ಪು. ಜೂನ್, ಜುಲೈಯಲ್ಲಿ ಸೂರ್ಯ ಮುಳುಗುವುದೇ ಏಳಕ್ಕೆ ಹತ್ತು ನಿಮಿಷ ಇರುವಾಗ. ಮೋಡ ಬಿಟ್ಟರೆ ಮೊದಲ ಹತ್ತು ನಿಮಿಷ ಹಿಂದೆ ನೀಲಿ ಆಕಾಶ ಸಿಗುತ್ತದೆ. ನನ್ನ ಪ್ರಕಾರ ಅದೇ ಅರಮನೆಯ ಅತ್ಯಂತ ಚೆಂದದ ಹೊತ್ತು.

ಜೋಗದಲ್ಲಿ ಕತೆ ಬೇರೆ. ವ್ಯೂ ಪಾಯಿಂಟಿನ ಕಂಬಿ ಕಟ್ಟಲು ಹೇಳಿ ಮಾಡಿಸಿದಂತಿರುತ್ತದೆ. ಆದರೆ ಅದೇ ಕಂಬಿಗೆ ಹತ್ತು ಜನ ಒರಗಿರುತ್ತಾರೆ. ಒಬ್ಬರು ಕಾಲು ಬದಲಿಸಿದರೂ ಕಂಬಿ ನಡುಗುತ್ತದೆ. ಕಂಬಿ ಕಾಂಕ್ರೀಟಿಗೆ ಸೇರುವ ಮೂಲೆಯ ಕಂಬ ಹುಡುಕಿ, ಅದರ ಬುಡಕ್ಕೆ ಕಟ್ಟಿ. ಕ್ಯಾಮೆರಾದ ಪಟ್ಟಿಯನ್ನು ಕಂಬಿಯ ಒಳಬದಿಗೆ ಬೇರೆಯಾಗಿ ಕಟ್ಟಲೇಬೇಕು. ಆಚೆ ಇರುವುದು 253 ಮೀಟರ್ ಪ್ರಪಾತ. ನೀರು ಹಾಲಿನಂತೆ ಕಾಣಲು ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಬೇಕು. ಹಗಲಲ್ಲಿ ಅಷ್ಟು ನಿಧಾನ ಆಗುವುದಿಲ್ಲ. ಕೆಲವು ಕಾಂಪ್ಯಾಕ್ಟುಗಳಲ್ಲಿ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಗಾಜು, ಒಳಗೇ ಇರುತ್ತದೆ, ಮೆನುವಿನಲ್ಲಿ ನೋಡಿ. ಎಷ್ಟೋ ಜನ ಅದು ಇದೆ ಎಂದು ತಿಳಿಯದೆಯೇ ವರ್ಷಗಟ್ಟಲೆ ಕ್ಯಾಮೆರಾ ಬಳಸಿರುತ್ತಾರೆ.

ಮಲೆನಾಡಿನಲ್ಲಿ ಈ ಟ್ರೈಪಾಡಿನ ನಿಜವಾದ ಬೆಲೆ ಗೊತ್ತಾಗುತ್ತದೆ. ಮಳೆಗಾಲದ ಮೊದಲ ವಾರಗಳಲ್ಲಿ ಆಗುಂಬೆ ಕಡೆ ನೆಲದಲ್ಲೇ ಲೋಕ ತೆರೆದುಕೊಳ್ಳುತ್ತದೆ. ಅಣಬೆ, ಪಾಚಿ, ಕಪ್ಪೆ. ದೊಡ್ಡ ಟ್ರೈಪಾಡ್ ಅಷ್ಟು ಕೆಳಗೆ ಬರುವುದೇ ಇಲ್ಲ. ಇದು ನಾಲ್ಕು ಬೆರಳಿನ ಎತ್ತರಕ್ಕೆ ಮಲಗುತ್ತದೆ. ತಿರುಗುವ ಪರದೆ ಇದ್ದರೆ ನೀವೂ ಕೆಸರಲ್ಲಿ ಮಲಗಬೇಕಿಲ್ಲ. ಮಳೆ ಶುರುವಾಗುವ ಮುಂಚೆ, ಮೇ ಕೊನೆ, ಜೂನ್ ಮೊದಲಿಗೆ ಮಿಂಚುಹುಳುಗಳ ಕಾಲ. ಲೆನ್ಸಿನ ಕಿಂಡಿ ಪೂರ್ತಿ ತೆರೆದು, ಐಎಸ್ಒ 800ರಿಂದ 1600, ಹದಿನೈದು ಸೆಕೆಂಡಿನ ಫೋಟೋಗಳನ್ನು ಸಾಲಾಗಿ ತೆಗೆದು ಸೇರಿಸಿದರೆ ಮರವಿಡೀ ಬೆಳಗುತ್ತದೆ. ಕತ್ತಲಾಗುವ ಮೊದಲೇ ಮರಕ್ಕೆ ಫೋಕಸ್ ಮಾಡಿ, ಮ್ಯಾನ್ಯುಯಲ್‌ನಲ್ಲಿ ಬೀಗ ಹಾಕಿಡಿ. ಟಾರ್ಚ್ ಬಿಡುತ್ತಾ ಇರಬೇಡಿ. ಆ ಹುಳುಗಳು ಒಂದನ್ನೊಂದು ಹುಡುಕುವುದು ಬೆಳಕಿನಿಂದಲೇ. ನಮ್ಮ ಫೋಟೋಗಾಗಿ ಅದನ್ನು ಕೆಡಿಸುವುದು ಬೇಡ.

ಅಲ್ಲಿ ಯಾವ ಮರಕ್ಕೆ ಕಟ್ಟಬೇಕು? ಅಡಿಕೆ ಮರ ನೋಡಲು ನೆಟ್ಟಗಿದ್ದರೂ ಸ್ವಲ್ಪ ಗಾಳಿಗೇ ತೂಗುತ್ತದೆ, ಅದರ ಕಾಂಡಕ್ಕೆ ಈ ಕಾಲು ಸುತ್ತು ಬರುವುದೂ ಇಲ್ಲ. ಹಳೆಯ ಕಾಫಿ ಗಿಡದ ಬುಡದ ಕೊಂಬೆ ತುಂಬಾ ಒಳ್ಳೆಯದು. ಗಟ್ಟಿ, ಗಿಡ್ಡ, ಸರಿಯಾದ ದಪ್ಪ. ತೋಟದವರನ್ನು ಕೇಳಿ ಕಟ್ಟಿ. ಕಟ್ಟುವ ಮುಂಚೆ ಚಗಳಿ ಇರುವೆಯ ಗೂಡು ಇದೆಯಾ ನೋಡಿ. ರಬ್ಬರ್ ಕಾಲು ಹತ್ತಿ ಅವು ನಿಮ್ಮ ತೋಳಿಗೆ ಬರಲು ಹೆಚ್ಚು ಹೊತ್ತು ಬೇಡ.

ಮನೆಯಲ್ಲೂ ಇದಕ್ಕೆ ಕೆಲಸ ಇದೆ. ನಮ್ಮ ಮನೆಗಳ ಕಿಟಕಿಗೆ ಸರಳು ಇರುತ್ತದಲ್ವಾ, ಅದು ಈ ಟ್ರೈಪಾಡಿಗೆ ಸಿಗುವ ಅತ್ಯಂತ ಗಟ್ಟಿ ಆಸರೆ. ಮನೆಯಲ್ಲೇ ಉಪ್ಪಿನಕಾಯಿ, ಸೀರೆ, ಒಡವೆ ಮಾರುವ ಹೆಣ್ಣುಮಕ್ಕಳಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ. ಕಿಟಕಿಯ ಸರಳಿಗೆ ಕ್ಯಾಮೆರಾ ಕಟ್ಟಿ. ಕೆಳಗೆ ಸ್ಟೂಲಿನ ಮೇಲೆ ವಸ್ತು ಇಡಿ. ಕಿಟಕಿಯ ಬೆಳಕು ತಾನಾಗಿ ಬೀಳುತ್ತದೆ. ನೆರಳಿನ ಬದಿಗೆ ಒಂದು ಬಿಳಿ ರಟ್ಟು ಹಿಡಿಸಿ. ಕ್ಯಾಮೆರಾ ಜಾಗ ಬದಲಾಗದೇ ಇರುವುದರಿಂದ ಇಪ್ಪತ್ತು ಸೀರೆಯ ಫೋಟೋಗಳೂ ಒಂದೇ ಅಳತೆಯಲ್ಲಿ ಬರುತ್ತವೆ. ಕೊಳ್ಳುವವರ ಕಣ್ಣಿಗೆ ಆ ಒಂದೇ ಅಳತೆ ಅಚ್ಚುಕಟ್ಟಾಗಿ ಕಾಣುತ್ತದೆ. ಇದಕ್ಕೆ ದುಬಾರಿ ಲೈಟ್ ಬೇಡ.

ಎಲ್ಲಿ ಕಟ್ಟಬಾರದು ಅನ್ನುವುದನ್ನೂ ಗಟ್ಟಿಯಾಗಿಯೇ ಹೇಳುತ್ತೇನೆ. ಹಂಪಿ, ಬೇಲೂರು, ಹಳೇಬೀಡು, ಸೋಮನಾಥಪುರದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಇದು ಪುಟ್ಟದು, ಯಾರೂ ನೋಡಲ್ಲ ಅಂತ ಸುಮ್ನೆ ತೆಗೆದು ಕಟ್ಟುವುದು ತಪ್ಪು. ಅನುಮತಿ ಇದ್ದರೂ ಕೆತ್ತನೆಯ ಕಂಬಕ್ಕೆ, ಶಿಲ್ಪದ ಕೈಗೆ, ಜಾಲಂಧ್ರಕ್ಕೆ (ಕಲ್ಲಿನ ಜಾಲರಿ ಕಿಟಕಿಗೆ) ಕಾಲು ಸುತ್ತಬೇಡಿ. ಹೊಯ್ಸಳರು ಕೆತ್ತಿದ್ದು ಮೆತ್ತನೆಯ ಬಳಪದ ಕಲ್ಲು. ಶತಮಾನಗಳನ್ನು ದಾಟಿ ಬಂದ ಒಂದು ಬಳ್ಳಿಯ ತುದಿ ನಮ್ಮ ರಬ್ಬರ್ ಕಾಲಿನಿಂದ ಮುರಿಯಬಾರದು. ಅಂಥ ಕಡೆ ಅಕ್ಕಿಯೋ ಹುರುಳಿಯೋ ತುಂಬಿದ ಒಂದು ಚಿಕ್ಕ ಬಟ್ಟೆ ಚೀಲ ಜೊತೆಗಿರಲಿ. ಅದನ್ನು ನೆಲದ ಮೇಲೋ ನಿಮ್ಮ ಬ್ಯಾಗಿನ ಮೇಲೋ ಇಟ್ಟು, ಮೇಲೆ ಕ್ಯಾಮೆರಾ ಒತ್ತಿ ಕೂರಿಸಿದರೆ ಒಂದೆರಡು ಸೆಕೆಂಡಿನ ಫೋಟೋ ಆರಾಮಾಗಿ ಬರುತ್ತದೆ. ಓಡುವ ಬಸ್ಸು, ರೈಲಿನ ಕಿಟಕಿಯ ಹೊರಗೆ ಕಟ್ಟುವುದಂತೂ ಬೇಡವೇ ಬೇಡ.

ಜೋಪಾನ ಮಾಡುವುದು ಸುಲಭ. ಸಮುದ್ರ ತೀರದಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಪ್ರತಿ ಕೀಲನ್ನೂ ಆಡಿಸಿ ಮರಳು ತೆಗೆಯಿರಿ. ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ರಬ್ಬರ್ ಬೇಗ ಅಂಟಂಟಾಗುತ್ತದೆ. ಕೀಲು ಕಿರ್ ಅಂದರೆ ಎಣ್ಣೆ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಇಲ್ಲಿ ಮಾತ್ರ ಒಂದು ಹನಿಯೂ ಬೇಡ. ಇದು ನಿಂತಿರುವುದೇ ಘರ್ಷಣೆಯಿಂದ, ಎಣ್ಣೆ ಬಿದ್ದ ಕೀಲು ಕ್ಯಾಮೆರಾ ಹೊರುವುದಿಲ್ಲ. ಗುಂಡು ಬಟ್ಟಲಿನಿಂದ ಕಳಚಿದರೆ ಹೆದರಬೇಡಿ, ನೇರವಾಗಿ ಒತ್ತಿದರೆ ಟಕ್ ಎಂದು ಕೂರುತ್ತದೆ. ಪದೇ ಪದೇ ಅದೇ ಜಾಗದಲ್ಲಿ ಕಳಚುತ್ತಿದ್ದರೆ ಬಟ್ಟಲಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಬಿರುಕು ಕಂಡರೆ ಅಂಟು ಹಾಕಿ ಮುಂದುವರಿಸಬೇಡಿ. ಆ ಟ್ರೈಪಾಡನ್ನು ಟಾರ್ಚ್ ಹಿಡಿಸಲು ಇಟ್ಟುಕೊಂಡು, ಕ್ಯಾಮೆರಾಗೆ ಹೊಸದು ತನ್ನಿ.