ಮೆಟ್ಟಿಲು ಎಲ್ಲಿದೆ ನೋಡಿ

ಕೊಳೆಗೇರಿಯ ಸರ್ವೆಗೆ ಹೋದಾಗ ನಾನು ಗೋಡೆಗಿಂತ ಮೊದಲು ಮೆಟ್ಟಿಲು ನೋಡುತ್ತೇನೆ. ಆ ಓಣಿ ಮುಂದೆ ಏನಾಗುತ್ತದೆ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತದೆ.

ಬೆಂಗಳೂರಿನಲ್ಲಿ ಮೊದಲು ಟಾರ್ಪಾಲು, ಆಮೇಲೆ ಶೀಟ್ ಮನೆ. 1973ರ ರಾಜ್ಯ ಕಾಯ್ದೆಯಡಿ ಕೊಳಚೆ ಪ್ರದೇಶ ಅಂತ ಘೋಷಣೆಯಾದರೆ, ಇನ್ನು ಎಬ್ಬಿಸಲ್ಲ ಅನ್ನೋ ಧೈರ್ಯ ಬರುತ್ತದೆ. ಆಗ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ ಹಾಕಿಸುತ್ತಾರೆ. ಹಕ್ಕುಪತ್ರ ಬರಲಿ ಅಂತ ಎಲ್ಲರೂ ಕಾಯುವುದಿಲ್ಲ, ಕೆಲವರಿಗೆ ಕರೆಂಟ್ ಮೀಟರ್ ಬಂದರೂ ಸಾಕು. ಮೋಲ್ಡ್ ಆದ ಮೇಲೂ ಪಿಲ್ಲರಿನ ಕಂಬಿ ಕತ್ತರಿಸುವುದಿಲ್ಲ. ಅದು ಮುಂದಿನ ಮಹಡಿಗೆ. ಮೆಟ್ಟಿಲನ್ನು ಹೊರಗಿಂದ ಇಟ್ಟರೆ ಮೇಲಿನ ರೂಮನ್ನು ಬಾಡಿಗೆಗೆ ಕೊಡಬಹುದು, ಭೋಗ್ಯಕ್ಕೆ ಹಾಕಿ ಮಗಳ ಮದುವೆ ಮಾಡಬಹುದು. ಒಳಗಿಟ್ಟರೆ ಬಾಡಿಗೆಯವರು ನಿಮ್ಮ ಅಡುಗೆಮನೆ ದಾಟಿ ಹೋಗಬೇಕು, ಯಾರು ಬರುತ್ತಾರೆ?

ಹೊರಗಿನ ಮೆಟ್ಟಿಲು ತಿನ್ನುವುದು ಓಣಿಯನ್ನು. ಮೇಲೆ ಎರಡೂ ಕಡೆಯ ಸಜ್ಜೆ ಮುಂದೆ ಬರುತ್ತವೆ. ಕೆಳಗಿನ ಮನೆಯಲ್ಲಿ ಮಟಮಟ ಮಧ್ಯಾಹ್ನವೂ ಲೈಟ್ ಹಾಕಬೇಕು. ಒಂದು ಅಂತಸ್ತಿಗೆ ಹಾಕಿದ ಪಾಯದ ಮೇಲೆ ಮೂರು ಎದ್ದಿರುತ್ತವೆ. ನನಗೆ ನಿಜವಾಗಿ ಭಯವಾಗುವುದು ಇದಕ್ಕೆ.

ಹಾಗಂತ ಎಲ್ಲ ಕೆಡವಿ ಬಹುಮಹಡಿ ಬ್ಲಾಕ್ ಕಟ್ಟಿದರೆ? 2005ರಲ್ಲಿ ಶುರುವಾದ ಕೇಂದ್ರದ ನಗರ ನವೀಕರಣ ಯೋಜನೆ ಜೆ-ನರ್ಮ್‌ನ ಬಡವರ ಮನೆಗೆ ಕನಿಷ್ಠ 25 ಚದರ ಮೀಟರ್ ಅಂತ ಇತ್ತು. ನೂರು ಚದರ ಅಡಿಗೆ ಒಂದು ಚದರ ಅನ್ನೋ ಮೇಸ್ತ್ರಿಗಳ ಲೆಕ್ಕದಲ್ಲಿ ಸುಮಾರು ಎರಡೂಮುಕ್ಕಾಲು ಚದರ. ಕಕ್ಕಸು ಮನೆಯೊಳಗೇ ಇರುತ್ತದೆ, ಹೆಣ್ಣುಮಕ್ಕಳಿಗೆ ಅದು ಸಣ್ಣ ವಿಷಯವಲ್ಲ. ಆದರೆ ಮನೆ ಅಲ್ಲಿಗೇ ನಿಂತಿತು. ಮಗನಿಗೆ ಮದುವೆಯಾದರೆ ಬೇರೆ ಕಡೆ ಬಾಡಿಗೆ ಮನೆ ಹುಡುಕಬೇಕು. ಮೂರನೇ ಮಹಡಿಯವರು ತಳ್ಳುಗಾಡಿ ಎಲ್ಲಿ ನಿಲ್ಲಿಸಬೇಕು? ಊದುಬತ್ತಿ ಹೊಸೆಯುವವರು ಎಲ್ಲಿ ಒಣಗಿಸಬೇಕು? ಕೆಳಗಿನವರು ಕಿಟಕಿ ಒಡೆದು ಅಂಗಡಿ ಮಾಡಿಕೊಳ್ಳುತ್ತಾರೆ. ಮೇಲಿನವರಿಗೆ ಆ ದಾರಿಯೂ ಇಲ್ಲ. ಮೆಟ್ಟಿಲು ಎಲ್ಲರದು, ಹಾಗಾಗಿ ಗುಡಿಸುವವರಿಲ್ಲ. ಸಂಪಿನ ಮೋಟಾರ್ ಕೆಟ್ಟರಂತೂ ದುಡ್ಡು ಯಾರು ಹಾಕಬೇಕು ಅಂತ ಜಗಳ.

ಇಂದೋರಿನ ಅರಣ್ಯ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು 1980ರ ದಶಕದಲ್ಲೇ ಇದಕ್ಕೊಂದು ದಾರಿ ಮಾಡಿದ್ದರು. ಬಡವರಿಗೆ ಸುಮಾರು 35 ಚದರ ಮೀಟರಿನ ಸೈಟು, ಅದರ ಮೇಲೆ ಪಾಯ, ಕಕ್ಕಸು, ನೀರು. ಮಿಕ್ಕಿದ್ದನ್ನು ಕೈಯಲ್ಲಿ ಕಾಸಾದಂತೆ ಅವರೇ ಕಟ್ಟಿಕೊಳ್ಳಬೇಕು. ನನಗೆ ಇಷ್ಟವಾಗುವುದು ಇನ್ನೊಂದು ವಿಷಯ: ಮನೆಗೂ ರಸ್ತೆಗೂ ನಡುವೆ ಅರ್ಧ ಮೀಟರ್ ಪಟ್ಟಿ ಬಿಟ್ಟಿದ್ದರು. ಮೆಟ್ಟಿಲು, ಜಗಲಿ ಏನಿದ್ದರೂ ಅಲ್ಲೇ. ಜನ ಹೇಗಿದ್ದರೂ ಮುಂದೆ ಬರುತ್ತಾರೆ ಅಂತ ಗೊತ್ತಿದ್ದವರ ಕೆಲಸ, ಅಲ್ವಾ?

ಇಲ್ಲೂ ಹಕ್ಕುಪತ್ರದ ಜೊತೆ ಪಾಯದ ಅಳತೆ, ಮೆಟ್ಟಿಲಿನ ಜಾಗ ಗುರುತು ಮಾಡಿ ಕೊಡಿ ಅಂತ ಸಭೆಗಳಲ್ಲಿ ಹೇಳುತ್ತಲೇ ಇದ್ದೇನೆ. ಅಧಿಕಾರಿಗಳು ತಲೆಯಾಡಿಸುತ್ತಾರೆ. ಬ್ಲಾಕ್ ಕಟ್ಟಿದರೆ ದೊಡ್ಡ ಟೆಂಡರ್, ಇದಕ್ಕೆ ಒಂದು ನಕ್ಷೆ ಮಾತ್ರ ಸಾಕಲ್ಲ!