ಹಗಲಿಗಷ್ಟೇ ಸಿಕ್ಕ ಮೇಜು

ಪಿಯುಸಿ ಫಲಿತಾಂಶದ ಮರುದಿನ ಕರಾವಳಿಯ ಪತ್ರಿಕೆಗಳ ಒಳಪುಟ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳು. ಕೆಳಗೆ ಅಂಕ, ಅದರ ಕೆಳಗೆ ಕಾಲೇಜಿನ ಹೆಸರು. 2023 ಮತ್ತು 2024ರಲ್ಲಿ ರಾಜ್ಯಕ್ಕೆ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಎರಡೂ ಜಿಲ್ಲೆಗಳು ಜಾಗ ಬದಲಾಯಿಸಿಕೊಂಡವು, ಅಷ್ಟೆ. ವಿಜ್ಞಾನ ವಿಭಾಗದ ಮುಖಗಳನ್ನು ಎಣಿಸುವ ಚಟ ನನಗುಂಟು. ಹುಡುಗಿಯರಿಗೆ ಅಲ್ಲಿ ಕೊರತೆ ಕಂಡದ್ದಿಲ್ಲ.

ದೇಶದ ಲೆಕ್ಕವೂ ಹೀಗೇ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ 2020–21ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ವಿಜ್ಞಾನ ಓದುತ್ತಿದ್ದವರು 55.5 ಲಕ್ಷ, ಅವರಲ್ಲಿ 29.5 ಲಕ್ಷ ಹೆಣ್ಣುಮಕ್ಕಳು. ಅರ್ಧಕ್ಕಿಂತ ಹೆಚ್ಚು. ಓದು ಮುಗಿದು ಸಂಶೋಧನೆಯೇ ಕಸುಬಾಗುವ ಕಡೆ ನೋಡಿದರೆ ಚಿತ್ರ ಮಗುಚಿ ಬೀಳುತ್ತದೆ: 2018ರಲ್ಲಿ ದೇಶದ ಸಂಶೋಧಕರಲ್ಲಿ ಮಹಿಳೆಯರ ಪಾಲು ಶೇ. 16.6. ನಡುವೆ ಎಲ್ಲೋ ಅಷ್ಟೂ ಮುಖಗಳು ಇಳಿದು ಹೋಗಿವೆ.

ಮದುವೆ, ಮಕ್ಕಳು ಎಂದು ಕಾರಣ ಹೇಳಿ ಮುಗಿಸುವುದು ರೂಢಿ. ಅದು ಸುಳ್ಳೆಂದು ನಾನೂ ಹೇಳುವುದಿಲ್ಲ. ಆದರೆ ನಮ್ಮ ಕಡೆ ಒಂದು ಮಾತುಂಟು, ‘ಗುರ್ತ’. ಬ್ಯಾಂಕಿಗೆ ಹೋಗುವುದಿರಲಿ, ಆಸ್ಪತ್ರೆಗೆ ಹೋಗುವುದಿರಲಿ, ಮೊದಲ ಪ್ರಶ್ನೆ ‘ಅಲ್ಲಿ ಯಾರಾದರೂ ಗುರ್ತದವರು ಉಂಟಾ?’ ವಿಜ್ಞಾನದ ಲೋಕ ನಡೆಯುವುದೂ ಬಹುಪಾಲು ಗುರ್ತದಿಂದಲೇ. ಯಾವ ಲ್ಯಾಬಿನಲ್ಲಿ ಜಾಗ ಖಾಲಿ ಉಂಟು, ಯಾವ ಗೈಡ್ ಪೇಪರಿನಲ್ಲಿ ವಿದ್ಯಾರ್ಥಿಯ ಹೆಸರು ಮೊದಲು ಹಾಕುತ್ತಾರೆ, ಯಾವ ಫೆಲೋಶಿಪ್ಪಿಗೆ ಯಾವಾಗ ಅರ್ಜಿ – ಇವೆಲ್ಲ ನೋಟಿಸ್ ಬೋರ್ಡಿಗೆ ಬರುವ ಮೊದಲೇ ಹುಡುಗರ ಹಾಸ್ಟೆಲಿನ ಟೆರೇಸಿನಲ್ಲಿ, ರಾತ್ರಿಯ ಚಹಾದ ಗಾಡಿಯ ಹತ್ತಿರ ಓಡಾಡಿರುತ್ತವೆ. ಗಂಡಸರಿಗೆ ಇದು ಹೆಸರೇ ಇಲ್ಲದೆ ದಕ್ಕಿತು. ಹೆಂಗಸರು ಅದನ್ನು ಕಟ್ಟಿಕೊಳ್ಳಬೇಕಾಗಿ ಬಂದಾಗ ನೆಟ್‌ವರ್ಕಿಂಗ್, ಮೆಂಟರಿಂಗ್ ಎಂಬ ದೊಡ್ಡ ದೊಡ್ಡ ಹೆಸರು ಬಂತು.

ಹಿಂದಕ್ಕೆ ಹೋಗೋಣ. ಮಂಗಳೂರಿನ ಬೆಂದೂರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಭಗಿನಿಯರು ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ತೆರೆದದ್ದು 1921ರಲ್ಲಿ. ಆಗ ನಮ್ಮದು ಮದ್ರಾಸ್ ಪ್ರಾಂತದ ದಕ್ಷಿಣ ಕೆನರಾ. ಅದೇ ವರ್ಷ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಲಶ್ಶೇರಿಯ ಹುಡುಗಿಯೊಬ್ಬಳು ಸಸ್ಯಶಾಸ್ತ್ರದಲ್ಲಿ ಆನರ್ಸ್ ಮುಗಿಸಿದಳು. ಅವರೇ ಇ. ಕೆ. ಜಾನಕಿ ಅಮ್ಮಾಳ್, ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳನ್ನು ಬಿಡಿಸಿ ನೋಡಿದವರು. ಮಂಗಳೂರಿನಿಂದ ರೈಲು ಹತ್ತಿದರೆ ಮೂರು ಗಂಟೆಯೊಳಗೆ ಸಿಗುವ ಊರು ಅವರದು. ಅವರನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಕೊಂಡೊಯ್ದದ್ದು ಬಾರ್ಬರ್ ವಿದ್ಯಾರ್ಥಿವೇತನ. ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಎತ್ತಿಟ್ಟ ಹಣ ಅದು. ಕಾಲು ಶತಮಾನ ಕಳೆದ ಮೇಲೆ ಅದೇ ವಿದ್ಯಾರ್ಥಿವೇತನದಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎನ್ನಿಸಿಕೊಂಡ ರಾಜೇಶ್ವರಿ ಚಟರ್ಜಿ. ‘ಹೆಂಗಸರಿಗೆ ಬೇರೆಯೇ ಯೋಜನೆ ಯಾಕೆ, ಪ್ರತಿಭೆ ಇದ್ದರೆ ಬರಲಿ’ ಎಂದು ವಾದಿಸುವವರು ಸಿಕ್ಕಾಗಲೆಲ್ಲ ನನಗೆ ಈ ಇಬ್ಬರು ನೆನಪಾಗುತ್ತಾರೆ. ಪ್ರತಿಭೆ ಇತ್ತು, ಹಡಗಿನ ಟಿಕೆಟಿಗೆ ದುಡ್ಡೂ ಬೇಕಿತ್ತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವವರು ಕಮಲಾ ಸೊಹೊನಿ. ಆಗ ಕಮಲಾ ಭಾಗವತ್. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಐಐಎಸ್‌ಸಿಯಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. 1933ರಲ್ಲಿ ಬಾಂಬೆಯಲ್ಲಿ ಪದವಿ ಮುಗಿಸಿದ ಮಗಳು ಅಲ್ಲಿಗೇ ಅರ್ಜಿ ಹಾಕಿದಳು. ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅರ್ಜಿ ವಾಪಸು. ಆಕೆ ಬೆಂಗಳೂರಿಗೇ ಬಂದು ಪಟ್ಟು ಹಿಡಿದ ಮೇಲೆ ಪ್ರವೇಶ ಸಿಕ್ಕಿತು, ಷರತ್ತಿನ ಮೇಲೆ: ಮೊದಲ ವರ್ಷ ಪರೀಕ್ಷಾರ್ಥ, ಕೆಲಸ ಮೆಚ್ಚುಗೆಯಾದರಷ್ಟೇ ಮಾನ್ಯತೆ, ಜತೆಗೆ ಲ್ಯಾಬಿನ ‘ವಾತಾವರಣ ಕೆಡಬಾರದು’. ಗೈಡ್ ಶ್ರೀನಿವಾಸಯ್ಯ ಕಟ್ಟುನಿಟ್ಟಿನ ಮೇಷ್ಟ್ರು. ಆದರೆ ಕಲಿಸುವಾಗ ಏನನ್ನೂ ಮುಚ್ಚಿಡಲಿಲ್ಲ. ವರ್ಷ ಕಳೆಯಿತು, ರಾಮನ್ ಒಪ್ಪಿದರು, ಹೆಣ್ಣುಮಕ್ಕಳಿಗೆ ಅಲ್ಲಿ ಬಾಗಿಲು ತೆರೆಯಿತು.

ಮುಂದೆ ಕೇಂಬ್ರಿಜ್. ಅಲ್ಲಿನ ಪ್ರಯೋಗಾಲಯದಲ್ಲಿ ಜಾಗ ಇರಲಿಲ್ಲ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತನ್ನ ಮೇಜನ್ನೇ ಬಿಟ್ಟುಕೊಟ್ಟರಂತೆ: ಹಗಲು ನೀನು ಕೆಲಸ ಮಾಡು, ರಾತ್ರಿ ಅದರ ಮೇಲೆ ನಾನು ಮಲಗುತ್ತೇನೆ ಎಂದು. ಆ ಮೇಲೆ ರಾಬಿನ್ ಹಿಲ್ ಬಳಿ ಕೆಲಸ ಮುಂದುವರಿಯಿತು. ಬಟಾಟೆಯನ್ನು ಪರೀಕ್ಷಿಸುತ್ತ ಸಸ್ಯಗಳ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಎಂಬ, ಕೋಶದ ಉಸಿರಾಟಕ್ಕೆ ಬೇಕಾದ ಪ್ರೊಟೀನು ಇದೆ ಎಂದು ತೋರಿಸಿದ ಆ ಪ್ರಬಂಧ ಬರೀ 40 ಪುಟದ್ದು. 1939ರಲ್ಲಿ ಡಾಕ್ಟರೇಟ್. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಪುಸ್ತಕಗಳಲ್ಲಿ ಅವರ ಹೆಸರಿದೆ. ಮೇಜು ಬಿಟ್ಟುಕೊಟ್ಟವನ ಹೆಸರು ಯಾವ ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲೂ ಬರುವುದಿಲ್ಲ.

ಅಣ್ಣಾ ಮಣಿಯವರಿಗೆ ಮೇಜು ಸಿಕ್ಕಿತ್ತು, ಮಾತು ಸಿಗಲಿಲ್ಲ. 1940ರಲ್ಲಿ ರಾಮನ್ ಪ್ರಯೋಗಾಲಯಕ್ಕೆ ಬಂದು ವಜ್ರ, ಮಾಣಿಕ್ಯಗಳ ರೋಹಿತ ಅಧ್ಯಯನ ಮಾಡಿದವರು. ಹುಡುಗ ಹುಡುಗಿಯರು ಬೆರೆತು ಮಾತಾಡುವುದು ಅಲ್ಲಿ ನಡೆಯುತ್ತಿರಲಿಲ್ಲ. ಕೆಲಸದ ನಡುವಿನ ಹರಟೆಯಲ್ಲಿ ಹುಟ್ಟುವ ವಿಜ್ಞಾನದಿಂದ ಅವರು ಹೊರಗೇ ಉಳಿದರು. ಒಬ್ಬರೇ ಐದು ಪೇಪರ್ ಬರೆದರು. ಎಂಎಸ್ಸಿ ಇಲ್ಲ ಎಂಬ ಕಾರಣ ಕೊಟ್ಟು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಅವರು ಹವಾಮಾನದ ಉಪಕರಣಗಳ ಕಡೆ ಹೊರಳಿದರು, ಅದು ದೇಶಕ್ಕೆ ಒಳ್ಳೆಯದೇ ಆಯಿತು ಎನ್ನಿ.

ಒಬ್ಬೊಬ್ಬರ ಔದಾರ್ಯವನ್ನು ನಂಬಿ ಕೂರುವುದು ಬೇಡ ಎಂದು ಮಹಿಳಾ ವಿಜ್ಞಾನಿಗಳೇ ಒಟ್ಟಾದದ್ದು 1973ರಲ್ಲಿ, ಮುಂಬಯಿಯಲ್ಲಿ. ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಅಂದು ಹುಟ್ಟಿತು. ವಾಶಿಯಲ್ಲಿ ಅವರು ಎಬ್ಬಿಸಿದ ಕಟ್ಟಡದಲ್ಲಿ ಏನೇನಿದೆ ನೋಡಿ: ದುಡಿಯುವ ಮಹಿಳೆಯರ ಹಾಸ್ಟೆಲ್, ಮಕ್ಕಳನ್ನು ಬಿಡುವ ಡೇ ಕೇರ್, ಶಾಲಾಮಕ್ಕಳಿಗೆ ವಿಜ್ಞಾನ ಕಲಿಸುವ ಕೇಂದ್ರ. ಭಾಷಣದ ಹಾಲ್ ಒಂದನ್ನೇ ಕಟ್ಟಿ ಸುಮ್ಮನಿರಲಿಲ್ಲ. ಎಲ್ಲಿ ತೂತು ಬಿದ್ದಿದೆ ಎಂದು ಕೊಡ ಹೊತ್ತವರಿಗೆ ಗೊತ್ತಿತ್ತು.

ನಮ್ಮ ಕರಾವಳಿಯಲ್ಲಿ ಲ್ಯಾಬು ಹತ್ತಿರ ಬಂದದ್ದೇ ತಡವಾಗಿ. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು 1953ರಲ್ಲಿ, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ಬಂದವು. ಎಂಎಸ್ಸಿ ಮಾಡಬೇಕೆಂದರೆ ಊರು ಬಿಡಬೇಕು. ಹುಡುಗಿಯನ್ನು ಮೈಸೂರಿಗೋ ಮದ್ರಾಸಿಗೋ ಕಳಿಸುವ ಮನೆ ಎಷ್ಟಿದ್ದಾವು? ಕೊಣಾಜೆಯ ಗುಡ್ಡದ ಮೇಲೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂದು, 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾದ ಮೇಲೆ ಸಂಜೆ ಮನೆಗೆ ಮರಳಬಹುದಾದ ದೂರದಲ್ಲಿ ಎಂಎಸ್ಸಿ ಸಿಕ್ಕಿತು. ಬೀಡಿ ಕಟ್ಟಿದ ದುಡ್ಡಿನಲ್ಲಿ ಮಗಳ ಫೀಸು ಕಟ್ಟಿದ ಅಮ್ಮಂದಿರು ಈ ಜಿಲ್ಲೆಗಳಲ್ಲಿ ಎಷ್ಟೋ ಮಂದಿ. ಅವರಿಗೆ ಈ ದೂರದ ಲೆಕ್ಕ ಚೆನ್ನಾಗಿ ಗೊತ್ತಿತ್ತು.

1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನು ಇಲ್ಲಿ ಬಿಡುವ ಹಾಗಿಲ್ಲ. ಸೂಕ್ಷ್ಮಜೀವಿ ವಿಜ್ಞಾನಿ ಇಂದ್ರಾಣಿ ಕರುಣಾಸಾಗರ್ ಸೀಗಡಿಯ ರೋಗಗಳ ಮೇಲೆ, ಸಮುದ್ರದ ಆಹಾರದಲ್ಲಿರುವ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿದ್ದು ಅಲ್ಲಿ. ಬಂದರಿನಲ್ಲಿ ಮೀನು ಮಾರುವ ಹೆಂಗಸರಿಗೂ ಆ ಲ್ಯಾಬಿಗೂ ನಡುವೆ ಬಹಳ ದೂರವಿಲ್ಲ. ಇಬ್ಬರ ಕೈಯಲ್ಲೂ ಇದ್ದದ್ದು ಅದೇ ಸೀಗಡಿ.

ಸರ್ಕಾರದ ಯೋಜನೆಗಳು ಬಂದದ್ದು ಈ ಶತಮಾನದಲ್ಲಿ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮಹಿಳಾ ವಿಜ್ಞಾನಿಗಳನ್ನು ಮರಳಿ ಕರೆಯುವ ಫೆಲೋಶಿಪ್ ಮೊದಲು ಬಂತು, ಕಿರಣ್ ಎಂಬ ಹೆಸರಿನಡಿ ಅಂಥವನ್ನೆಲ್ಲ 2014ರಲ್ಲಿ ಒಟ್ಟುಗೂಡಿಸಿದರು. 2016ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿಗೆ 240 ದಿನಗಳ ಹೆರಿಗೆ–ಶಿಶುಪಾಲನಾ ರಜೆ, ಮುಗಿಸಲು ಎರಡು ವರ್ಷ ಹೆಚ್ಚಿನ ಅವಧಿ ಬಂತು. 9ರಿಂದ 12ನೇ ತರಗತಿಯ ಹುಡುಗಿಯರಿಗಾಗಿ ವಿಜ್ಞಾನ ಜ್ಯೋತಿ 2019ರ ಕೊನೆಗೆ 50 ನವೋದಯ ವಿದ್ಯಾಲಯಗಳಲ್ಲಿ ಶುರುವಾಯಿತು. ಇವುಗಳಲ್ಲಿ ನನಗೆ ತಮಾಷೆಯೆನಿಸುವುದು 2008ರ ಇನ್‌ಸ್ಪೈರ್. ಹುಡುಗ ಹುಡುಗಿ ಇಬ್ಬರಿಗೂ ಇರುವ ಈ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಗೆಯಲ್ಲಿ ಒಬ್ಬ ವಿಜ್ಞಾನಿಯ ಬಳಿ ಕೆಲಸ ಕಲಿಯುವುದಕ್ಕೆ. ಗುರ್ತಕ್ಕೆ ಸರ್ಕಾರವೇ ಬೆಲೆ ಕಟ್ಟಿದ್ದು ಇದೊಂದರಲ್ಲಿ ಇರಬೇಕು! ಆದರೆ ಇದು ಬಿಎಸ್ಸಿಯಂಥ ಮೂಲವಿಜ್ಞಾನ ಓದುವವರಿಗೆ. ನಮ್ಮ ಪಿಯು ಕಾಲೇಜುಗಳ ನೀಟ್–ಸಿಇಟಿ ಗದ್ದಲದಲ್ಲಿ ಬಿಎಸ್ಸಿ ಎಂದರೆ ಸೀಟು ಸಿಗದವರ ದಾರಿ. ‘ಡಾಕ್ಟರಾ ಇಂಜಿನಿಯರಾ’ ಎಂಬ ಪ್ರಶ್ನೆಗೆ ಮೂರನೆಯ ಉತ್ತರ ಉಂಟು ಎಂದು ಹುಡುಗಿಗೆ ಹೇಳುವವರು ಬೇಕು, ಮುಖ್ಯವಾಗಿ ಅವಳ ಅಪ್ಪ ಅಮ್ಮನಿಗೆ.

ಎಳೆಯರನ್ನು ತಲುಪುವ ಕೆಲಸ ಇಲ್ಲಿ ಇಲ್ಲವೆಂದಲ್ಲ. ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರವಿದೆ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರು ಗ್ರಹಣ ಬಂದಾಗಲೆಲ್ಲ ಜನರಿಗೆ ಆಕಾಶ ತೋರಿಸುತ್ತಾರೆ. ಶಾಲೆಯ ಬಸ್ಸಿನಲ್ಲಿ ಬಂದ ಮಕ್ಕಳು ತಾರಾಲಯದ ಕತ್ತಲಲ್ಲಿ ‘ಹೋ’ ಎಂದು ಕೂಗುವುದನ್ನು ಕೇಳಿದರೆ ಯಾರಿಗೂ ಖುಷಿಯಾಗಬೇಕು. ನನ್ನ ತಕರಾರು ಸಣ್ಣದು. ಶನಿಯ ಉಂಗುರ ನೋಡಿದ ಏಳನೇ ತರಗತಿಯ ಹುಡುಗಿ, ಅದನ್ನೇ ನೋಡುತ್ತ ಸಂಬಳ ಪಡೆಯುವ ಹೆಂಗಸನ್ನು ನೋಡದೆ ಮನೆಗೆ ಹೋಗುತ್ತಾಳೆ. ಫೆಬ್ರವರಿ 11, ವಿಶ್ವಸಂಸ್ಥೆ 2015ರಲ್ಲಿ ಗೊತ್ತುಮಾಡಿದ ವಿಜ್ಞಾನದಲ್ಲಿ ಮಹಿಳೆಯರ ದಿನ; ಅಂದು ಶಾಲು, ಹಾರ, ಫೋಟೋ ಆಗುತ್ತದೆ. ಒಂದು ಹಗಲು ಲ್ಯಾಬಿನಲ್ಲಿ ಕೂರಿಸಿಕೊಂಡರೆ ಆಗುವುದು ಬೇರೆ. ಕೈಗೆ ಪಿಪೆಟ್ ಕೊಟ್ಟು, ತಪ್ಪಿದರೆ ಬೈಯದೆ.

ಇನ್ನು ಬಸ್ಸು. 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ. ಮಂಗಳೂರು–ಉಡುಪಿಯಲ್ಲಿ ಹೆಚ್ಚು ಓಡುವುದು ಖಾಸಗಿ ಬಸ್ಸು. ಒಳಊರುಗಳಿಗೆ ಲಾಸ್ಟ್ ಬಸ್ ಹೊರಡುವುದು ಪ್ರಯೋಗ ಮುಗಿದ ಮೇಲಲ್ಲ. ಜೀವಕೋಶಕ್ಕೂ ಬ್ಯಾಕ್ಟೀರಿಯಾಕ್ಕೂ ಟೈಮಿಂಗ್ ಗೊತ್ತಿಲ್ಲ. ಸಂಜೆಯ ಹೊತ್ತು ಯಾವ ಲ್ಯಾಬಿಗೆ ಹೋದರೂ ಒಂದು ದೃಶ್ಯ ಸಿಗುತ್ತದೆ: ಯಂತ್ರದಲ್ಲಿ ಇನ್ನೂ ನಲವತ್ತು ನಿಮಿಷ ತೋರಿಸುತ್ತಿದೆ, ಮೊದಲ ವರ್ಷದ ಹುಡುಗಿ ಗಡಿಯಾರ ನೋಡುತ್ತಿದ್ದಾಳೆ, ಪಕ್ಕದ ಮೇಜಿನ ಸೀನಿಯರ್ ತಲೆ ಎತ್ತದೆ ಹೇಳುತ್ತಾಳೆ, ‘ನೀನು ಹೊರಡು ಮಾರಾಯ್ತಿ. ಆದ ಮೇಲೆ ನಾನು ತೆಗೆದು ಫ್ರಿಜ್ಜಿನಲ್ಲಿ ಇಡ್ತೇನೆ. ಟ್ಯೂಬಿನ ಮೇಲೆ ಹೆಸರು ಬರೆದಿದ್ದಿಯಲ್ಲ?’