ಕಡಲಿನ ನೀಲಿ ಆಕಾಶದಿಂದ ಬಂದ ಸಾಲವಲ್ಲ

ಪ್ರಶ್ನೆ: ಲೋಟದ ನೀರಿಗೆ ಬಣ್ಣವಿಲ್ಲ. ಬೇಕಲದ ಕಡಲು ಮಾತ್ರ ನೀಲಿ. ಅದು ಆಕಾಶದ ಪ್ರತಿಬಿಂಬ ತಾನೆ?

ಉತ್ತರ: ಅಲ್ಲ. ಶಾಲೆಗಳ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವ ಹತ್ತಿರ ಬಂತೆಂದರೆ ಕುಂಬಳೆ, ಮಂಜೇಶ್ವರ ಕಡೆಯ ಮಕ್ಕಳಿಂದಲೂ ಅವರ ಅಪ್ಪ ಅಮ್ಮಂದಿರಿಂದಲೂ ಈ ಪ್ರಶ್ನೆ ಬರುತ್ತದೆ, ಕೊನೆಗೊಂದು ‘ತಾನೆ?’ಯನ್ನೂ ಕಟ್ಟಿಕೊಂಡು. ಎಷ್ಟು ಸಲ ಹೇಳಿದರೂ ಮುಂದಿನ ವರ್ಷದ ಚಾರ್ಟಿನಲ್ಲಿ ಅದೇ ಪ್ರತಿಬಿಂಬ. ಆದ್ದರಿಂದ ಈ ಸಲ ಬುಡದಿಂದಲೇ ನೋಡೋಣ.

ನೇರ ಉತ್ತರ ಚಿಕ್ಕದು. ನೀರಿಗೇ ಬಹಳ ತೆಳುವಾದ ನೀಲಿ ಬಣ್ಣವಿದೆ. ಬಿಸಿಲಿನೊಳಗಿನ ಕೆಂಪನ್ನು ಅದು ಬೇಗ ಹೀರುತ್ತದೆ, ನೀಲಿಯನ್ನು ತುಂಬ ನಿಧಾನವಾಗಿ. ಶುದ್ಧ ನೀರಿನಲ್ಲಿ 1 ಮೀಟರ್ ಸಾಗುವಷ್ಟರಲ್ಲಿ ಕಡುಗೆಂಪು ಬೆಳಕು ಹೆಚ್ಚುಕಡಿಮೆ ಅರ್ಧ ಮುಗಿದಿರುತ್ತದೆ. 5 ಮೀಟರಿಗೆ ಉಳಿಯುವುದು ನೂರಕ್ಕೆ ಐದರಷ್ಟು. ನೀಲಿ ಹತ್ತಾರು ಮೀಟರ್ ಇಳಿಯುತ್ತದೆ, ನೀರಿನ ಅಣುಗಳಿಗೂ ತೇಲುವ ಕಣಗಳಿಗೂ ತಾಗಿ ಚೆದುರುತ್ತದೆ, ಅದರಲ್ಲೊಂದು ಪಾಲು ಮೇಲಕ್ಕೆ ಮರಳುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಆ ಪಾಲು. ಲೋಟದಲ್ಲಿರುವುದು 10 ಸೆಂಟಿಮೀಟರ್ ನೀರು. ಅಷ್ಟರಲ್ಲಿ ಕಡುಗೆಂಪು ಕಳೆಯುವುದು ನೂರಕ್ಕೆ ಆರರಷ್ಟೇ, ಕಣ್ಣಿಗೆ ಅದು ತಿಳಿಯುವುದಿಲ್ಲ.

ಪ್ರತಿಬಿಂಬದ ವಾದಕ್ಕೆ ದೊಡ್ಡವರ ಬೆಂಬಲವೂ ಇತ್ತು. ಆಕಾಶ ಯಾಕೆ ನೀಲಿ ಎಂದು ಸರಿಯಾಗಿ ವಿವರಿಸಿದ ಲಾರ್ಡ್ ರೇಲಿಯೇ ಆಳಗಡಲಿನ ನೀಲಿ ಆಕಾಶದ್ದೆಂದು ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ‘ನರ್ಕುಂಡಾ’ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅದನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ನಿಕೋಲ್ ಪ್ರಿಸಂ ಒಂದನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆದು ನೋಡಿದರು. ಆಕಾಶದ ಹೊಳಪು ಹೋಯಿತು, ಕಡಲಿನ ನೀಲಿ ಉಳಿಯಿತು. ಉಳಿದದ್ದು ಮಾತ್ರವಲ್ಲ, ಇನ್ನೂ ಗಾಢವಾಯಿತು.

ಈ ಪರೀಕ್ಷೆ ನಿಮ್ಮ ಕೈಯಲ್ಲೂ ಆಗುತ್ತದೆ. ಬೇಕಾದದ್ದು ಅದೇ ಕೆಲಸ ಮಾಡುವ ಒಂದು ಪೋಲರಾಯ್ಡ್ ಕನ್ನಡಕ. ಕಪ್ಪಗಿದ್ದರೆ ಸಾಲದು, ಪೋಲರಾಯ್ಡೇ ಆಗಿರಬೇಕು: ಕ್ಯಾಲ್ಕುಲೇಟರಿನ ಅಂಕೆಗಳನ್ನು ಅದರ ಮೂಲಕ ನೋಡುತ್ತ ಕನ್ನಡಕವನ್ನು ತಿರುಗಿಸಿ. ಒಂದು ಓರೆಯಲ್ಲಿ ಪರದೆ ಪೂರ್ತಿ ಕಪ್ಪಾದರೆ ಸರಿ. ಮಳೆ ಮುಗಿದು ನೀರು ತಿಳಿಯಾದ ಮೇಲೆ, ಅಲೆ ಕಡಿಮೆಯಿರುವ, ಮೋಡ ಕವಿದ ಒಂದು ದಿನ, ಸೇತುವೆಯ ಮೇಲೋ ಬಂದರಿನ ತಡೆಗೋಡೆಯ ಮೇಲೋ ನಿಲ್ಲಿ. ಕಣ್ಣು ನೀರಿನಿಂದ 3 ಮೀಟರ್ ಮೇಲಿದ್ದರೆ, 4 ಮೀಟರ್ ಆಚೆಯ ನೀರನ್ನು ನೋಡಿ. ಎತ್ತರ ಎಷ್ಟೇ ಇರಲಿ, ಮೂರಕ್ಕೆ ನಾಲ್ಕರ ಲೆಕ್ಕ ತಪ್ಪಬಾರದು. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.33, ಅಂದರೆ ನಾಲ್ಕು ಭಾಗಿಸು ಮೂರು. ದೂರವನ್ನು ಎತ್ತರದಿಂದ ಭಾಗಿಸಿದರೆ ಈ ಸೂಚ್ಯಂಕ ಬರಬೇಕು, ಅದೇ ಸೂತ್ರ. ಪ್ರತಿಫಲಿತ ಬೆಳಕು ಪೂರ್ತಿ ಧ್ರುವೀಕರಣಗೊಳ್ಳುವ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ನೆಟ್ಟಗಿನ ಗೆರೆಯಿಂದ 53 ಡಿಗ್ರಿ ಕೋನ ಬರುವುದು ಅದರಿಂದಲೇ. ಎಂಟನೇ ತರಗತಿಯಲ್ಲಿ ಗೀಚಿದ 3-4-5ರ ತ್ರಿಕೋನ ಕಡಲ ಮೇಲೆ ಹೀಗೆ ನಿಂತಿರುತ್ತದೆ. ಅದನ್ನು ಕಂಡುಕೊಂಡ ಮಗು ಸೂತ್ರವನ್ನು ಮತ್ತೆ ಮರೆಯುವುದಿಲ್ಲ.

ಈಗ ಕನ್ನಡಕವನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ಮೇಲಿನ ಬೂದು ಹೊಳಪು ಬಂದು ಹೋಗುತ್ತದೆ. ಅದು ಹೋದಾಗ ಕಾಣುವುದು ನೀರಿನದೇ ಬಣ್ಣ. ದಡದ ಹತ್ತಿರ ಅದು ಹಸಿರು ಬೆರೆತ ನೀಲಿ. ಅಲ್ಲಿ ಪಾಚಿಕಣಗಳೂ ಕೆಸರೂ ಇರುತ್ತವೆ, ಆಳಗಡಲಿನ ಕಡುನೀಲಿಯನ್ನು ನಿರೀಕ್ಷಿಸಬೇಡಿ. ಹೊಳಪು ಪೂರ್ತಿ ಹೋಗದಿದ್ದರೆ ಕಾರಣ ಅಲೆ: ಪ್ರತಿ ಅಲೆಯ ಇಳಿಜಾರು ಬೇರೆ, ಕೋನವೂ ಬೇರೆ. ತಿಳಿ ಆಕಾಶದ ದಿನ ಮಾಡಿದರೆ ಇನ್ನೊಂದು ತೊಡಕು. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದ ಬೆಳಕು ಮೊದಲೇ ಧ್ರುವೀಕರಣಗೊಂಡಿರುತ್ತದೆ, ಹಾಗಾಗಿ ಬದಲಾದದ್ದು ಯಾವುದರಿಂದ ಎಂದು ಹೇಳಲಾಗುವುದಿಲ್ಲ.

‘ಮೋಡದ ದಿನ ಕಡಲು ಬೂದು ಆಗುತ್ತದಲ್ಲ?’ ಎನ್ನುವವರಿಗೂ ಉತ್ತರ ಇಲ್ಲಿಯೇ ಇದೆ. ಮೋಡ ಬಂದಾಗ ಪ್ರತಿಫಲಿಸುವ ಬೆಳಕೂ ಬದಲಾಗುತ್ತದೆ, ನೀರಿನೊಳಗೆ ಇಳಿಯುವ ಬೆಳಕೂ ಕಡಿಮೆಯಾಗುತ್ತದೆ. ಎರಡು ಸಂಗತಿ ಒಟ್ಟಿಗೆ ಬದಲಾದರೆ ಅದು ಪುರಾವೆಯಲ್ಲ. ಒಂದನ್ನೇ ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು ನೋಡಬೇಕು. ಕನ್ನಡಕ ಮಾಡುವುದು ಆ ಕೆಲಸವನ್ನೇ. ಕನ್ನಡಕ ಇಲ್ಲದವರು ಮಳೆಗಾಲದಲ್ಲಿ ಬಿಸಿಲು ಬಿಟ್ಟ ದಿನ ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿ ನೋಡಲಿ: ಈಚೆ ಕೆಂಪು ನೀರು, ಆಚೆ ನೀಲಿ, ಮೇಲೆ ಇರುವುದು ಒಂದೇ ಆಕಾಶ. ಮಾಡಿನ ಕೆಳಗೆ ಬಿಳಿ ಟೈಲ್ಸ್ ಹಾಕಿದ ಈಜುಕೊಳದ ಆಳದ ಕಡೆಯೂ ನೀಲಿಯೇ. ಅಲ್ಲಿ ಆಕಾಶವೇ ಇಲ್ಲ.

ಪ್ರತಿಬಿಂಬಕ್ಕೆ ಪಾಲೇ ಇಲ್ಲವೆಂದಲ್ಲ. ನೇರ ಕೆಳಗೆ ನೋಡಿದರೆ ನೀರು ಪ್ರತಿಫಲಿಸುವುದು ನೂರಕ್ಕೆ ಎರಡು; ದಿಗಂತದ ಕಡೆಗೆ, 85 ಡಿಗ್ರಿ ಓರೆಯಲ್ಲಿ, ಅರ್ಧಕ್ಕಿಂತ ಹೆಚ್ಚು. ದೂರದ ಕಡಲು ಆಕಾಶದ ಬಣ್ಣ ಹೊತ್ತಂತೆ ಕಾಣುವುದು ಅದರಿಂದ.

ಕಡಲ ಬದಿಯಲ್ಲಿ ದಿನವೂ ಕಾಣುವ, ಆದರೆ ಯಾರೂ ಕೇಳದ ಇನ್ನೊಂದು ಸಂಗತಿ ಇದೆ. ನೀರಿನ ಬಣ್ಣ ಇಷ್ಟು ತೆಳುವಾದರೆ, ಒದ್ದೆ ಹೊಯ್ಗೆ (ಮರಳು) ಯಾಕೆ ಕಪ್ಪಾಗುತ್ತದೆ? ಮೊದಲ ಮಳೆಗೆ ಬೇಕಲ ಕೋಟೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಯಾಕೆ ಕಡುಗಂದು ಆಗುತ್ತದೆ? ಒಣ ಹೊಯ್ಗೆಯಲ್ಲಿ ಕಣದ ಸುತ್ತ ಗಾಳಿ. ಗಾಳಿಯ ಸೂಚ್ಯಂಕ 1, ಬೆಣಚುಕಲ್ಲಿನ ಕಣದ್ದು 1.54. ವ್ಯತ್ಯಾಸ ದೊಡ್ಡದಾದ್ದರಿಂದ ಪ್ರತಿ ಕಣವೂ ಬೆಳಕನ್ನು ಜೋರಾಗಿ ತಿರುಗಿಸುತ್ತದೆ, ಬಹಳಷ್ಟು ಬೇಗ ಹೊರಗೆ ಬರುತ್ತದೆ. ಗಾಳಿಯ ಜಾಗಕ್ಕೆ 1.33ರ ನೀರು ಬಂದರೆ ಬೆಳಕು ಕಡಿಮೆ ತಿರುಗುತ್ತದೆ, ಒಳಕ್ಕೆ ಇಳಿಯುತ್ತದೆ, ಹೆಚ್ಚು ಕಣಗಳನ್ನು ದಾಟುವಾಗ ಹೆಚ್ಚು ಹೀರಲ್ಪಡುತ್ತದೆ.

ಹಾಗಿದ್ದರೆ 1.45ರ ತೆಂಗಿನೆಣ್ಣೆ ನೀರಿಗಿಂತಲೂ ಕಪ್ಪು ಮಾಡಬೇಕು. ಹೊಯ್ಗೆಯನ್ನು ತೊಳೆದು ಒಣಗಿಸಿ, ಬಿಳಿ ತಟ್ಟೆಯಲ್ಲಿ ಎರಡೆರಡು ಚಮಚದ ಮೂರು ಗುಪ್ಪೆ ಮಾಡಿ. ಒಂದನ್ನು ಹಾಗೇ ಬಿಡಿ, ಒಂದಕ್ಕೆ ನೀರು, ಒಂದಕ್ಕೆ ಅಷ್ಟೇ ಎಣ್ಣೆ ಹಾಕಿ. ಮೇಲೆ ದ್ರವ ನಿಲ್ಲಬಾರದು, ನಿಂತರೆ ಹೊಳಪು ಕಣ್ಣಿಗೆ ಮೋಸ ಮಾಡುತ್ತದೆ. ಕಿಟಕಿಯ ಬೆಳಕಿನಲ್ಲಿಟ್ಟು ಮೂರನ್ನೂ ಒಟ್ಟಿಗೆ ನೋಡಿ.